ತಣ್ಣಗಾದ ರಕ್ತ

ಮೇವಿಸ್ ಪೆಗ್ಲರ್ ಅವರ ಕೊಟ್ಟಿಗೆಯ ಮೂರು ಹಸುಗಳಿಗೆ ಕ್ಷಯ ತಗುಲಿ, ಮೂರನ್ನೂ ಕಸಾಯಿಖಾನೆಗೆ ಒಯ್ದಿದ್ದರು. ಬೇಲಿಯಡಿಯ ಬಿಲದಲ್ಲಿದ್ದ ಪಟ್ಟೆಮುಖದ ಕಾಡುಪ್ರಾಣಿಗಳಾದ ಬ್ಯಾಜರ್‌ಗಳದೇ ಕೆಲಸವೆಂದು ಗ್ಲಾಸ್ಟರ್‌ಶೈರ್‌ನ ನಮ್ಮ ಕಣಿವೆಯೆಲ್ಲ ಹೇಳುತ್ತಿತ್ತು. ಬಿಲದ ಯಜಮಾನಿಯಂತಿದ್ದ ಮುದಿ ಹೆಣ್ಣು ಬ್ಯಾಜರ್‌ಗೆ ಸೋಂಕಿಲ್ಲವೆಂದು ತೋರಿಸಿದರೆ ಅವಕ್ಕೆ ಲಸಿಕೆ ಹಾಕಬಹುದು, ಇಲ್ಲವಾದರೆ ಶರತ್ಕಾಲಕ್ಕೆ ಅವನ್ನು ಕೊಲ್ಲಲು ಕೋವಿಯವರು ಬರುತ್ತಾರೆ ಎಂದು ಮೇವಿಸ್ ಲಸಿಕೆ ತಂಡದ ನಮಗೆ ಹೇಳಿಬಿಟ್ಟಿದ್ದರು.

ಕಡಲೆಕಾಯಿ ಬೀಜದ ಆಸೆಗೆ ಅದು ಬೋನಿಗೆ ಬಿತ್ತು. ಪಶುವೈದ್ಯ ಗ್ವಿಲಿಮ್ ಅದಕ್ಕೆ ಅರಿವಳಿಕೆ ಕೊಟ್ಟು ರಕ್ತ ತೆಗೆದರು. ಎಚ್ಚರವಾದ ಮೇಲೆ ಅದನ್ನು ಬಿಲದ ಬಳಿ ಬಿಟ್ಟು ಬಂದು ನೋಡಿದರೆ, ಹಾಲಿನ ಕೋಣೆಯ ಮೇಜಿನ ಮೇಲಿಟ್ಟಿದ್ದ ರಕ್ತದ ಕೊಳವೆಗಳಿರಲಿಲ್ಲ. ಮೇವಿಸ್ ಅವನ್ನು ಜೋಪಾನವಾಗಿ ಫ್ರಿಜ್ಜಿನಲ್ಲಿಟ್ಟಿದ್ದರು.

ಪ್ರಯೋಗಾಲಯದಲ್ಲಿ ಆ ರಕ್ತದ ಕಣಗಳಿಗೆ ಕ್ಷಯದ ರೋಗಾಣುವಿನ ತುಣುಕು ತೋರಿಸುತ್ತಾರೆ. ಹಿಂದೆ ಕಂಡ ರೋಗವಾದರೆ ಅವು ಎಚ್ಚರಿಕೆ ಹೊರಡಿಸುತ್ತವೆ. ಅದಕ್ಕೆ ಅವು ಜೀವಂತವಿರಬೇಕು, ರಕ್ತ ಬೆಚ್ಚಗಿರಬೇಕು. ಗ್ವಿಲಿಮ್ ಕಾರಿಗೆ ಸಾಮಾನು ತುಂಬುತ್ತಿದ್ದರು. ನಾನೇ ಹೇಳಬೇಕಾಯಿತು, ಇದು ಕೆಟ್ಟಿದೆ, ಉತ್ತರ ಕೊಡುವುದಿಲ್ಲ ಎಂದೆ.

"ಹಾಲು ಕರೆದ ತಕ್ಷಣ ತಣ್ಣಗೆ ಮಾಡ್ಲಿಲ್ಲ ಅಂದ್ರೆ ಹಾಳಾಗುತ್ತೆ ಕಣಮ್ಮ. ರಕ್ತಾನೂ ಹಂಗೇ ಅಂದ್ಕೊಂಡೆ," ಎಂದರು ಮೇವಿಸ್, ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟು.

ಗ್ವಿಲಿಮ್ ಬಂದವರು, ಚೀಸು ಮಾಡುವ ಯೋಚನೆಯಿತ್ತೇ ಎಂದು ಕೇಳಿದರು. ಮೇವಿಸ್ ನಗಲಿಲ್ಲ. ಅಷ್ಟು ಬೇಗ ಮತ್ತೆ ರಕ್ತ ತೆಗೆಯುವಂತಿರಲಿಲ್ಲ; ಕೆಲವು ವಾರ ಬಿಟ್ಟು ಅದು ಬೋನಿಗೆ ಬರುತ್ತದೆಂಬ ಭರವಸೆಯೂ ಇರಲಿಲ್ಲ.

ಅದಕ್ಕೆ ಇತ್ತ ಬರುವ ರೂಢಿ ತಪ್ಪದಿರಲೆಂದು, ಮಾರನೆಯ ದಿನದಿಂದ ಬೇಲಿಯ ಬಳಿ ಚಪ್ಪಡಿಕಲ್ಲಿನಡಿ ಬೀಜ ಇಡುವ ಕೆಲಸವನ್ನು ಮೇವಿಸ್ ತಾವೇ ವಹಿಸಿಕೊಂಡರು. ನಾನು ಹೋದಾಗಲೆಲ್ಲ ಗೊಣಗುತ್ತಿದ್ದರು: "ನನ್ನ ಹಸು ತಿಂದ ಶನಿಗೆ ನಾನೇ ಊಟ ಬಡಿಸ್ತಿದೀನಿ, ನೋಡು." ಆದರೂ ಅದು ಎಷ್ಟು ಹೊತ್ತಿಗೆ ಬಂತು, ಮರಿಗಳು ಜೊತೆಗಿದ್ದವೇ ಎಂದು ಕೇಳದೆಯೇ ಹೇಳುತ್ತಿದ್ದರು.

ಆಗಸ್ಟಿನಲ್ಲಿ ಅದು ಮತ್ತೆ ಸಿಕ್ಕಿತು. ಈ ಸಲ ಕಾರಿನ ಬೆಚ್ಚನೆಯ ಪೆಟ್ಟಿಗೆ ಸೇರುವವರೆಗೂ ಕೊಳವೆಗಳು ಮೇವಿಸರ ಉಣ್ಣೆಯ ಅಂಗಿಯೊಳಗಿದ್ದವು. ಯಾರು ಕೇಳಿದರೂ ಕೊಡಲಿಲ್ಲ.

ಫಲಿತಾಂಶ ಹೇಳಲು ನಾನೇ ಹೋದೆ. ಕಣಗಳು ಜೀವಂತವಾಗಿದ್ದವು, ಕ್ಷಯ ತೋರಿಸಿದಾಗ ಸುಮ್ಮನಿದ್ದವು. ಸೋಂಕಿನ ಗುರುತಿಲ್ಲ. ಎಂದೆಂದಿಗೂ ಬರುವುದಿಲ್ಲವೆಂದು ಅರ್ಥವಲ್ಲ, ಅದಕ್ಕೇ ಲಸಿಕೆ, ಎಂದೂ ಸೇರಿಸಿದೆ.

ಮೇವಿಸ್ ಕೋವಿಯವರಿಗೆ ಫೋನು ಮಾಡಿ, ಬರುವುದು ಬೇಡ ಎಂದಷ್ಟೇ ಹೇಳಿ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಮರಿಗಳಿಗೂ ಹಾಕ್ತೀರಾ?"

"ಬೋನಿಗೆ ಬಂದ್ರೆ ಹಾಕ್ತೀವಿ."

"ಬರ್ತವೆ," ಎಂದರು.