ತಟ್ಟೆಯಲ್ಲಿ ಉಳಿದ ಕೊನೆಯ ಬನ್ನು

ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಬಂದವರು ಏನೇನು ನೋಡಬೇಕು ಎಂದು ದಯವಿಟ್ಟು ನನ್ನನ್ನು ಕೇಳಬೇಡಿ. ಇಪ್ಪತ್ತಾರು ವರ್ಷದಿಂದ ಅದನ್ನೇ ಹೇಳಿ ಹೇಳಿ ನನ್ನ ಬಾಯಿ ಸವೆದುಹೋಗಿದೆ. ಸಮುದ್ರದೇವರ ಬೆತ್ತಲೆ ವಿಗ್ರಹ ನೋಡಿ. ಚರ್ಚಿನ ಹಾಗೆ ಕಟ್ಟಿದ ಮೀನು ಮಾರುಕಟ್ಟೆ ನೋಡಿ, ಒಳಗೆ ಪ್ರಾರ್ಥನೆ ಮಾಡಬೇಡಿ. ಕಾಲುವೆಯ ದೋಣಿ ಹತ್ತಿ, ತಗ್ಗಿನ ಸೇತುವೆ ಬಂದಾಗ ದೋಣಿಯ ತಳದಲ್ಲಿ ಕುಕ್ಕರಗಾಲಲ್ಲಿ ಕೂತು ನಗಾಡಿ. ಆಮೇಲೆ ಹಾಗಾ ಬೀದಿಗೆ ಹೋಗಿ, ಮುಖದಷ್ಟು ಅಗಲದ ದಾಲ್ಚಿನ್ನಿ ಬನ್ ಹಿಡಿದು ಫೋಟೋ ತೆಗೆಸಿಕೊಳ್ಳಿ. ಆ ಬನ್ನನ್ನು ಪೂರ್ತಿ ತಿಂದ ಪ್ರವಾಸಿಯನ್ನು ನಾನು ಇದುವರೆಗೆ ಕಂಡಿಲ್ಲ. ಅರ್ಧ ತಿಂದು, ಉಳಿದದ್ದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಊರೆಲ್ಲ ಸುತ್ತುತ್ತಾರೆ. ಮಳೆ ಹೇಗೂ ಬರುತ್ತದೆ, ಅದನ್ನು ಪಟ್ಟಿಯಲ್ಲಿ ಬರೆದುಕೊಳ್ಳಬೇಕಾಗಿಲ್ಲ.

ನನ್ನ ಹೆಸರು ಸೀವ್. ಹಳದಿ ಕೊಡೆ ಎತ್ತಿ ಹಿಡಿದು ಪ್ರವಾಸಿಗಳ ಮುಂದೆ ನಡೆಯುವುದು ನನ್ನ ಕೆಲಸ. ನನ್ನ ತಮ್ಮ ಟೂರೆಯದು ಇದಕ್ಕಿಂತ ಮರ್ಯಾದೆಯ ಕೆಲಸ. ಅವನು ಏಲಕ್ಕಿ ಬನ್ ಮಾಡುತ್ತಾನೆ. ಮಾಯೋರ್ನಾ ಬಡಾವಣೆಯಲ್ಲಿ, ಟ್ರಾಮ್ ಕಿರ್ರೆಂದು ತಿರುಗುವ ಮೂಲೆಯಲ್ಲಿ, ಮೂವತ್ತೊಂದು ವರ್ಷ ಅವನ ಕಾಫಿ ಅಂಗಡಿ ಇತ್ತು. ಒಳಗೆ ಒಂದೇ ಉದ್ದನೆಯ ಮೇಜು. ನಡುವೆ ನಮ್ಮ ಅಮ್ಮನ ಕಾಲದ ನೀಲಿ ಅಂಚಿನ ದೊಡ್ಡ ತಟ್ಟೆ. ಬನ್ನುಗಳೆಲ್ಲ ಅದರಲ್ಲೇ. ಬಂದವರು ತಾವೇ ತೆಗೆದುಕೊಂಡು ತಿಂದು, ಹೋಗುವಾಗ ಎಷ್ಟು ತಿಂದೆವೆಂದು ಟೂರೆಗೆ ಹೇಳುತ್ತಿದ್ದರು.

ಆ ತಟ್ಟೆಯ ಕೊನೆಯ ಬನ್ನನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ನಮ್ಮ ಜನವೇ ಹಾಗೆ. ಜನವರಿಯಲ್ಲಿ ಮಂಜುಗಡ್ಡೆ ಒಡೆದು ಸಮುದ್ರಕ್ಕೆ ಇಳಿಯುವ ಧೀರರು ತಟ್ಟೆಯ ಕೊನೆಯ ತುಂಡಿಗೆ ಕೈ ಹಾಕಲು ನಡುಗುತ್ತಾರೆ. ಹೊಟ್ಟೆಬಾಕ ಅನ್ನಿಸಿಕೊಳ್ಳುವ ಭಯ. ತೀರಾ ಆಸೆ ತಡೆಯಲಾರದವನು ಅದನ್ನು ಚಾಕುವಿನಿಂದ ಎರಡು ಮಾಡಿ, ಒಂದು ತಿಂದು ಒಂದು ಬಿಡುತ್ತಾನೆ. ಮುಂದಿನವನು ಆ ಅರ್ಧದಲ್ಲಿ ಅರ್ಧ. ಅಂಗಡಿ ಮುಚ್ಚುವ ಹೊತ್ತಿಗೆ ತಟ್ಟೆಯ ಮಧ್ಯೆ ಉಗುರಿನಷ್ಟು ದೊಡ್ಡ ಚೂರೊಂದು ಒಣಗುತ್ತ ಕೂತಿರುತ್ತಿತ್ತು.

ಹೊಗಳುವುದೂ ನಮಗೆ ಬರುವುದಿಲ್ಲ. ಟೂರೆಯ ಬನ್ನಿಗೆ ಅಷ್ಟು ವರ್ಷಗಳಲ್ಲಿ ಸಿಕ್ಕ ಅತಿ ದೊಡ್ಡ ಪ್ರಶಂಸೆ ‘ಪರವಾಗಿಲ್ಲ’ ಎಂಬುದು. ಅದನ್ನು ಹೇಳಿದವಳು ನಾನು, ಅದೂ ಒಂದು ಕ್ರಿಸ್‌ಮಸ್ ದಿನ.

ಈ ವರ್ಷ ಮಾರ್ಚ್‌ನಲ್ಲಿ ಕಟ್ಟಡದ ಮಾಲೀಕರಿಂದ ಕಾಗದ ಬಂತು. ಅಂಗಡಿಯಲ್ಲಿ ಜನವೇ ಕಾಣುವುದಿಲ್ಲ, ಬೀದಿ ಮಂಕಾಗಿದೆ, ಹೀಗೇ ಮುಂದುವರಿದರೆ ಜೂನ್‌ನ ನಡುಬೇಸಿಗೆಯ ಹಬ್ಬದ ನಂತರ ಜಾಗವನ್ನು ನಾಯಿಗಳ ಕ್ಷೌರದಂಗಡಿಗೆ ಕೊಡುತ್ತೇವೆ ಎಂದು ಬಹಳ ವಿನಯದಿಂದ ಬರೆದಿದ್ದರು. ಟೂರೆ ಅದನ್ನು ಎರಡು ಸಲ ಓದಿ ಹಿಟ್ಟಿನ ಡಬ್ಬದ ಕೆಳಗೆ ಇಟ್ಟ. ಅವನಿಗೆ ಆಗ ಅರವತ್ತು. ಬೇರೆ ಏನು ಮಾಡಲೂ ಅವನಿಗೆ ಬರುವುದಿಲ್ಲ, ಬೇರೆ ಏನೂ ಮಾಡುವ ಆಸೆಯೂ ಇಲ್ಲ. ನನಗೆ ಸಂಕಟವಾಯಿತು. ಹೇಳಲಿಲ್ಲ ಅಷ್ಟೆ.

ಏಪ್ರಿಲ್‌ನಲ್ಲಿ ಲಂಡನ್ನಿನಿಂದ ಪೆನ್‌ರೋಸ್ ಎಂಬ ಪ್ರವಾಸ ಲೇಖಕ ಬರುತ್ತಾನೆ, ಮೂರು ದಿನ ಊರು ತೋರಿಸಬೇಕು ಎಂದು ನಮ್ಮ ಕಂಪನಿ ಹೇಳಿತು. ಅವನು ಬರೆದರೆ ಸಾಕು, ಜನ ವಿಮಾನ ಹತ್ತಿ ಬರುತ್ತಾರಂತೆ. ನಾನು ಸೀದಾ ಟೂರೆಯ ಅಡುಗೆಮನೆಗೆ ಹೋದೆ.

“ಗುರುವಾರ ಮೂರು ಗಂಟೆಗೆ ಕರ್ಕೊಂಡ್ ಬರ್ತೀನಿ. ನಾಲ್ಕು ಬನ್ ಬೇರೆ ತೆಗೆದಿಡು, ಅವನಿಗೆ ಅಂತ.”

“ಯಾಕೆ? ಅವನೇನು ಹೆಲ್ಗೆಗಿಂತ ದೊಡ್ಡ ಮನುಷ್ಯನಾ?”

ಹೆಲ್ಗೆ ಎಂದರೆ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದ ಮುದುಕ, ಅಂಗಡಿಯ ಮೊದಲ ದಿನದಿಂದಲೂ ಕಿಟಕಿ ಪಕ್ಕದ ಜಾಗ ಅವನದು.

“ಹೆಲ್ಗೆ ಪುಸ್ತಕ ಬರೀತಾನೇನೋ?”

“ಬರೀದಿದ್ರೂ ದಿನಾ ಬರ್ತಾನೆ. ಎಲ್ಲರಿಗೂ ಒಂದೇ ತಟ್ಟೆ ಕಣೆ ಸೀವ್. ಒಬ್ಬರಿಗೆ ಅಂತ ಬಚ್ಚಿಡೋದೆಲ್ಲ ನನ್ನ ಕೈಲಾಗಲ್ಲ.”

“ನಾಯಿಗಳ ಕೂದಲು ಕತ್ತರಿಸೋದು ಕಲಿತುಕೋ ಹಾಗಾದ್ರೆ” ಎಂದು ಬಾಗಿಲು ಹಾಕಿಕೊಂಡು ಬಂದೆ.

ಆದರೂ ಮನಸ್ಸು ತಡೆಯಲಿಲ್ಲ. ಖಾಲಿ ಅಂಗಡಿಗೆ ಕರೆದೊಯ್ದರೆ ಲೇಖಕ ಏನು ಬರೆದಾನು? ಹೆಲ್ಗೆಗೂ, ಟ್ರಾಮ್ ಓಡಿಸಿ ನಿವೃತ್ತಳಾದ ಗುನ್ವೋರ್‌ಗೂ ಹೇಳಿದೆ. ಗುರುವಾರ ಮೂರಕ್ಕೆ ನಿಮ್ಮ ಕಡೆಯವರನ್ನೆಲ್ಲ ಕರೆದುಕೊಂಡು ಬನ್ನಿ, ಅಂಗಡಿ ತುಂಬಿರುವ ಹಾಗೆ ಕಾಣಬೇಕು ಎಂದೆ. ಟೂರೆಗೆ ಮೂರು ಡಜನ್ ಬನ್ ಮಾಡಲು ಹೇಳಿದೆ. ಅದಕ್ಕೆ ಅವನು ಒಪ್ಪಿದ. ಎಷ್ಟೋ ತಿಂಗಳ ಮೇಲೆ ಅವನು ಅಷ್ಟು ಹಿಟ್ಟು ಕಲಸಿದ್ದು.

ಪೆನ್‌ರೋಸ್ ಬಂದಿಳಿದ. ನಲವತ್ತರ ಆಸುಪಾಸು, ಹೊಸ ಮಳೆಕೋಟು, ತುಂಬ ಓದಿಕೊಂಡ ಮನುಷ್ಯ. ಅವನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಪುಟಕ್ಕೂ ಮೂರು ಅಂಕಣ: ನೋಡುವುದು, ಮಾಡುವುದು, ತಿನ್ನುವುದು. ಸ್ವೀಡನ್ನಿನವರ ಬಗ್ಗೆ ಅವನಿಗೆ ಗೊತ್ತಿರುವಷ್ಟು ಸ್ವೀಡನ್ನಿನವಳಾದ ನನಗೂ ಗೊತ್ತಿರಲಿಲ್ಲ. ಮನೆಯೊಳಗೆ ಹೋಗುವಾಗ ಚಪ್ಪಲಿ ಬಿಡಬೇಕು, ಬಸ್ಸಿನಲ್ಲಿ ಅಪರಿಚಿತರ ಪಕ್ಕ ಕೂರಬಾರದು, ಸರದಿಗೆ ನಂಬರಿನ ಚೀಟಿ ಹರಿಯಬೇಕು ಎಂದು ನನಗೇ ಪಾಠ ಮಾಡಿದ. ದೋಣಿಯಲ್ಲಿ ಸೇತುವೆ ಬಂದಾಗ ಮಾತ್ರ ತಲೆ ಬಗ್ಗಿಸುವುದು ಮರೆತ. ಹಣೆಗೆ ಪಟ್ಟಿ ಹಾಕಿಸಿಕೊಂಡು ಅದನ್ನು ‘ಮಾಡುವುದು’ ಅಂಕಣದಲ್ಲಿ ಬರೆದುಕೊಂಡ.

ಗುರುವಾರ ಮಧ್ಯಾಹ್ನ ಎರಡೂವರೆಗೇ ಹೊರಟೆವು. ದಾರಿಯಲ್ಲಿ ಗಾಡಿಯವನೊಬ್ಬ ಬ್ರೆಡ್ಡಿನ ಮಧ್ಯೆ ಸಾಸೇಜ್ ಇಟ್ಟು ಮೇಲೆ ಕಲಸಿದ ಆಲೂಗಡ್ಡೆ ಸುರಿಯುವುದು ಇವನ ಕಣ್ಣಿಗೆ ಬಿತ್ತು. ನಿಂತ. ಫೋಟೋ ತೆಗೆದ. ಆಲೂಗಡ್ಡೆ ಸಾಸೇಜಿನ ಕೆಳಗೋ ಮೇಲೋ ಎಂದು ವಿಚಾರಣೆ ಮಾಡಿದ. ಎರಡು ತಿಂದ. ಮಾಯೋರ್ನಾ ತಲುಪಿದಾಗ ಮೂರು ಇಪ್ಪತ್ತೈದು.

ಅಂಗಡಿ ನಿಜಕ್ಕೂ ತುಂಬಿತ್ತು. ಹದಿನೆಂಟು ಮಂದಿ ಉದ್ದನೆಯ ಮೇಜಿನ ಸುತ್ತ, ದಂತವೈದ್ಯರ ಬಾಗಿಲಲ್ಲಿ ಕಾಯುವವರಂತೆ, ತುಟಿ ಪಿಟಕ್ಕೆನ್ನದೆ ಕೂತಿದ್ದರು. ಕಾಫಿಯ ಘಮ, ಏಲಕ್ಕಿಯ ಘಮ, ಎಲ್ಲ ಸರಿಯಾಗಿತ್ತು. ತಟ್ಟೆ ನೋಡಿದೆ. ಒಂದೇ ಒಂದು ಬನ್ನು ಇತ್ತು.

“ಮೂರು ಡಜನ್ ಇತ್ತಲ್ಲೇ” ಎಂದು ಗುನ್ವೋರ್ ಕಿವಿಯಲ್ಲಿ ಕೇಳಿದೆ.

“ಮೂರಕ್ಕೆ ಬನ್ನಿ ಅಂದೆ, ಮೂರಕ್ಕೆ ಬಂದ್ವಿ. ಸುಮ್ನೆ ಕೂತಿದ್ರೆ ವ್ಯಾಪಾರ ನಡೀತಿದೆ ಅಂತ ಅವನಿಗೆ ಹೇಗೆ ಗೊತ್ತಾಗತ್ತೆ? ಅದಕ್ಕೇ ತಲೆಗೆ ಎರಡೆರಡು ತಿಂದ್ವಿ. ನನಗಂತೂ ಎದೆ ಉರೀತಿದೆ. ಎಲ್ಲಾ ಟೂರೆಗೋಸ್ಕರ.”

“ಒಂದು ಉಳ್ಸಿದ್ದೀವಲ್ಲ” ಎಂದ ಹೆಲ್ಗೆ. “ಅದು ನನ್ನ ಪಾಲಿಂದು. ನಾನು ಒಂದೇ ತಿಂದಿದ್ದು.”

ಪೆನ್‌ರೋಸನನ್ನು ತಟ್ಟೆಯ ಎದುರಿಗೇ ಕೂರಿಸಿದೆ. ಟೂರೆ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತ. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

“ತಗೊಳ್ಳಿ” ಎಂದೆ.

ಪೆನ್‌ರೋಸ್ ಎರಡೂ ಕೈ ಮೇಲೆತ್ತಿದ. “ಇಲ್ಲ, ಇಲ್ಲ. ನನಗೆ ಗೊತ್ತು. ನಿಮ್ಮಲ್ಲಿ ಕೊನೇದನ್ನ ಮುಟ್ಟಬಾರದು.”

“ಅದು ನಮ್ಮ ನಮ್ಮೊಳಗೆ. ನೀವು ಹೊರಗಿನವರು, ಧಾರಾಳವಾಗಿ ತಿನ್ನಿ.”

“ಅದನ್ನೂ ಓದಿದ್ದೀನಿ” ಎಂದು ಕಣ್ಣು ಮಿಟುಕಿಸಿದ. “ಬಲವಂತ ಮಾಡ್ತಾರೆ, ಒಪ್ಕೋಬಾರದು. ಅದು ಪರೀಕ್ಷೆ.”

“ಪರೀಕ್ಷೆ ಗಿರೀಕ್ಷೆ ಏನಿಲ್ಲ, ತಿನ್ರಿ” ಎಂದಳು ಗುನ್ವೋರ್, ಟ್ರಾಮಿನಲ್ಲಿ ಬಾಗಿಲಿಗೆ ಅಡ್ಡ ನಿಂತವರನ್ನು ಗದರುವ ಧ್ವನಿಯಲ್ಲಿ. ಅವನು ಇನ್ನಷ್ಟು ಸಂತೋಷಪಟ್ಟು ಅದನ್ನೂ ಬರೆದುಕೊಂಡ.

ಆಗ ಹೆಲ್ಗೆಗೆ ಉಪಾಯ ಹೊಳೆಯಿತು. ಬನ್ನು ಎರಡಾದರೆ ಯಾವುದೂ ಕೊನೆಯದಲ್ಲವಲ್ಲ? ಚಾಕು ತೆಗೆದು ಸರಿಯಾಗಿ ಮಧ್ಯಕ್ಕೆ ಕತ್ತರಿಸಿ, ಅತಿಥಿಗೆ ಧೈರ್ಯ ಬರಲೆಂದು ಒಂದರ್ಧವನ್ನು ತಾನೇ ಬಾಯಿಗೆ ಹಾಕಿಕೊಂಡ. ಉಳಿದ ಅರ್ಧ ಮತ್ತೆ ಕೊನೆಯದಾಯಿತು. ಅವನ ತಪ್ಪು ಸರಿಪಡಿಸಲು ಗುನ್ವೋರ್ ಆ ಅರ್ಧವನ್ನು ಎರಡು ಮಾಡಿದಳು. ಅವಳ ತಪ್ಪನ್ನು ಪಕ್ಕದವನು ಸರಿಪಡಿಸಿದ. ಚಾಕು ಮೇಜು ಸುತ್ತಿತು. ಪೆನ್‌ರೋಸ್ ಎದ್ದು ನಿಂತು, ಪ್ರತಿ ಸಲ ಕತ್ತರಿಸಿದಾಗಲೂ ಫೋಟೋ ತೆಗೆದ. ಕೊನೆಗೆ ತಟ್ಟೆಯಲ್ಲಿ ಒಂದು ಸಕ್ಕರೆ ಹರಳೂ ಅದಕ್ಕೆ ಅಂಟಿಕೊಂಡ ಚೂರು ಬನ್ನೂ ಉಳಿದವು.

ನಾನಾದರೂ ಮೊದಲೇ ಆ ಬನ್ನನ್ನೆತ್ತಿ ಅವನ ಬಾಯಿಗೆ ತುರುಕಬಹುದಿತ್ತು. ತುರುಕಲಿಲ್ಲ. ಕೈ ಮುಂದೆ ಹೋಗಲಿಲ್ಲ. ನಾನೂ ಇದೇ ಊರಿನವಳು.

ಹೊರಡುವಾಗ ಅವನು ಟೂರೆಯ ಕೈ ಕುಲುಕಿದ. “ಮರೆಯಲಾಗದ ಅನುಭವ” ಎಂದ. ಬನ್ನಿನ ರುಚಿ ಹೇಗಿದೆಯೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಮೇ ತಿಂಗಳಲ್ಲಿ ಅವನ ಪಟ್ಟಿ ಬಂತು. ತಿನ್ನುವುದು: ಹಾಗಾ ಬೀದಿಯ ದೈತ್ಯ ಬನ್, ಆಲೂಗಡ್ಡೆ ಸುರಿದ ಸಾಸೇಜ್. ಟೂರೆಯ ಅಂಗಡಿ ‘ನೋಡುವುದು’ ಅಂಕಣದಲ್ಲಿತ್ತು, ಏಳನೆಯದು, ಸಮುದ್ರದೇವರ ಕೆಳಗೆ. ‘ಯಾರೂ ತಿನ್ನದ ಕೊನೆಯ ಬನ್. ನೋಡಿ, ಮುಟ್ಟಬೇಡಿ. ಎಷ್ಟೇ ಒತ್ತಾಯ ಮಾಡಿದರೂ ಮುಟ್ಟಬೇಡಿ.’

ಅವನು ಬರೆದರೆ ಜನ ಬರುತ್ತಾರೆ ಎಂದಿದ್ದು ಸುಳ್ಳಲ್ಲ. ಬಂದರು. ಬಾಗಿಲಾಚೆಗೂ ಸಾಲು ನಿಂತರು. ತಟ್ಟೆಯ ತುಂಬ ಬನ್ನುಗಳಿದ್ದರೆ ಮುಖ ಸಪ್ಪಗೆ ಮಾಡಿಕೊಂಡು, “ಕೊನೇದು ಯಾವಾಗ ಬರತ್ತೆ?” ಎಂದು ಕೇಳುತ್ತಿದ್ದರು. ತಿನ್ನಿ ಎಂದರೆ ನಕ್ಕು, ಬೆರಳು ಆಡಿಸಿ, ತಮಗೆ ಎಲ್ಲ ಗೊತ್ತು ಎಂಬಂತೆ ಹಿಂದೆ ಸರಿಯುತ್ತಿದ್ದರು. ನಾಲ್ವರಿಗೆ ಒಂದು ಕಾಫಿ. ಹೆಲ್ಗೆ ತನ್ನ ಫೋಟೋ ತೆಗೆಯುತ್ತಾರೆಂದು ಬರುವುದನ್ನೇ ಬಿಟ್ಟ. ಗುನ್ವೋರ್‌ಗೆ ಕೂರಲು ಜಾಗವಿರಲಿಲ್ಲ. ಟೂರೆ ದಿನಕ್ಕೆ ಒಂದು ಡಜನ್ ಬನ್ನಿಗೆ ಇಳಿದ, ಆಮೇಲೆ ಆರಕ್ಕೆ.

ಒಂದು ದಿನ ಮಾಲೀಕರು ಬಂದು ಸಾಲು ನೋಡಿ ಹಿಗ್ಗಿದರು. “ಜನ ಬರ್ತಿದ್ದಾರಲ್ಲ ಟೂರೆ. ಹಾಗಾದ್ರೆ ಅಂಗಡಿ ಬಿಡೋದು ಬೇಡ, ಅಲ್ವಾ?”

ಸುಮ್ಮನೆ ಹೂಂ ಎಂದಿದ್ದರೆ ಸಾಕಿತ್ತು. ನನ್ನ ತಮ್ಮ ಏನೆಂದ ಗೊತ್ತೆ?

“ಇವರು ಗಿರಾಕಿಗಳಲ್ಲ ಸಾರ್. ನೋಡೋಕೆ ಬಂದೋರು.”

ಸತ್ಯಸಂಧ. ನನಗೆ ಅದೇ ತಟ್ಟೆಯಿಂದ ಅವನ ತಲೆಗೆ ಬಡಿಯಬೇಕು ಎನ್ನಿಸಿತು. ಅವನ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡ ಮಾಲೀಕರು ನಾಯಿ ಕ್ಷೌರದವರೊಂದಿಗೆ ಕರಾರು ಮುಗಿಸಿದರು.

ಅಷ್ಟರಲ್ಲಿ ನಮ್ಮ ಕಂಪನಿ ಏಳನೆಯ ನಂಬರನ್ನು ನನ್ನ ದಾರಿಗೂ ಸೇರಿಸಿತ್ತು. ನನ್ನ ತಮ್ಮನ ಅಂಗಡಿಯೊಳಗೆ ಹಳದಿ ಕೊಡೆ ಹಿಡಿದು ನಿಂತು, ನಮ್ಮ ಅಮ್ಮನ ತಟ್ಟೆಯನ್ನು ತೋರಿಸುತ್ತ, “ಇಲ್ಲಿ ನೋಡಿ, ಸ್ವೀಡನ್ನಿನವರ ಸಭ್ಯತೆ” ಎಂದು ದಿನಕ್ಕೆರಡು ಸಲ ಹೇಳುತ್ತಿದ್ದೆ. ಟೂರೆ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ. ಆ ದಿನಗಳಲ್ಲಿ ನನ್ನ ಮೇಲೆ ನನಗೇ ಅಸಹ್ಯವಿತ್ತು.

ನಡುಬೇಸಿಗೆ ಹಬ್ಬದ ಹಿಂದಿನ ದಿನ ಅಂಗಡಿಯ ಕೊನೆಯ ದಿನ. ಮಧ್ಯಾಹ್ನ ಹತ್ತೊಂಬತ್ತು ಪ್ರವಾಸಿಗಳನ್ನು ಕರೆದುಕೊಂಡು ಹೋದೆ. ಹೆಲ್ಗೆ, ಗುನ್ವೋರ್ ಅಂದು ಬಂದಿದ್ದರು, ಗೋಡೆಗೊರಗಿ ನಿಂತಿದ್ದರು. ಓವನ್ ಆರಿತ್ತು. ತಟ್ಟೆಯಲ್ಲಿ ಒಂದು ಬನ್ನಿತ್ತು. ಇನ್ನು ಮುಂದೆ ಆ ಅಂಗಡಿಯಿಂದ ಬನ್ನು ಬರುವುದಿಲ್ಲ. ಜನ ಕ್ಯಾಮೆರಾ ಎತ್ತಿದರು.

ಕೊಡೆಯನ್ನು ಮೇಜಿನ ಮೇಲಿಟ್ಟೆ. ಬನ್ನನ್ನು ಎತ್ತಿಕೊಂಡೆ. ಇಡಿಯಾಗಿ.

“ಹಾಗೆ ಮಾಡಬಾರದು” ಎಂದಳು ಒಬ್ಬ ಹೆಂಗಸು, ಕೈಯಲ್ಲಿ ಪೆನ್‌ರೋಸನ ಪಟ್ಟಿ ಹಿಡಿದುಕೊಂಡು. “ಇಲ್ಲಿ ಬರೆದಿದೆ.”

“ನಾನು ಇಲ್ಲಿಯವಳೇ ಕಣಮ್ಮ” ಎಂದು ಕಚ್ಚಿದೆ. ಹೆಲ್ಗೆ ಮುಖ ಆಚೆ ತಿರುಗಿಸಿಕೊಂಡ. ಗುನ್ವೋರ್ ಮಾತ್ರ ನೋಡುತ್ತ ನಿಂತಳು.

ಮೇಲೆ ಬೆಣ್ಣೆ ಸಕ್ಕರೆ ಕರಗಿ ಗರಿಗರಿಯಾಗಿತ್ತು, ಒಳಗೆ ಮೆತ್ತಗೆ. ಏಲಕ್ಕಿಯನ್ನು ಅವನು ಕೈಯಲ್ಲೇ ಕುಟ್ಟುತ್ತಾನೆ, ತರಿತರಿಯಾಗಿ ಹಲ್ಲಿಗೆ ಸಿಕ್ಕಿತು. ಎಷ್ಟು ವರ್ಷವಾಗಿತ್ತು ನಾನು ಇಡೀ ಬನ್ನು ತಿಂದು. ನಾನು ಯಾವಾಗಲೂ ಬರುತ್ತಿದ್ದುದು ಕೆಲಸ ಮುಗಿಸಿ, ಕೊನೆಯಲ್ಲಿ. ನನಗೆ ಸಿಗುತ್ತಿದ್ದುದು ಅರ್ಧದ ಅರ್ಧ. ಹತ್ತೊಂಬತ್ತು ಮಂದಿ ನೋಡುತ್ತಿರುವಂತೆ ಪೂರ್ತಿ ತಿಂದೆ, ತಟ್ಟೆಗೆ ಉದುರಿದ ಸಕ್ಕರೆಯನ್ನೂ ಬೆರಳಿಗೆ ಒತ್ತಿಕೊಂಡು ನೆಕ್ಕಿದೆ.

ಟೂರೆ ಬಾಗಿಲಿಗೆ ಬಂದಿದ್ದ.

“ಹೇಗಿದೆ?”

“ಪರವಾ...” ಎಂದು ಶುರುಮಾಡಿ ನಿಲ್ಲಿಸಿದೆ. “ತುಂಬಾ ಚೆನ್ನಾಗಿದೆ ಕಣೋ. ಈ ಊರಲ್ಲಿ ಇಂಥದ್ದು ಇನ್ನೆಲ್ಲೂ ಇಲ್ಲ. ಯಾವತ್ತೂ ಇರಲಿಲ್ಲ.”

ಅವನು ನೆಲ ನೋಡಿದ. ಕಿವಿ ಕೆಂಪಾಯಿತು. “ಬೆಣ್ಣೆ ಸ್ವಲ್ಪ ಜಾಸ್ತಿಯಾಗಿತ್ತು ಇವತ್ತು” ಎಂದ. ಆಮೇಲೆ ಕೈ ಒರೆಸಿಕೊಳ್ಳುತ್ತ ಹೇಳಿದ, “ದಿನಾ ಆ ಕೊನೇ ಚೂರನ್ನ ನಾನೇ ತಿಂತಿದ್ದೆ, ಗೊತ್ತಾ? ಅಂಗಡಿ ಮುಚ್ಚಿ, ತಟ್ಟೆ ಒಳಗೆ ತಂದ ಮೇಲೆ. ಎಸೆಯೋಕೆ ಮನಸ್ಸು ಬರ್ತಿರಲಿಲ್ಲ. ಒಣಗಿ ಕಲ್ಲಾಗಿರೋದು.”

“ಹೇಳಬಾರದಿತ್ತಾ?”

“ನೀನು ಹೇಳಬಾರದಿತ್ತಾ?” ಎಂದ ಅವನು.

ಹಿಂದಿನಿಂದ ಯಾರೋ ಇನ್ನು ಇಲ್ಲಿ ನೋಡುವುದು ಏನಿದೆ ಎಂದು ಕೇಳಿದರು. ಏನೂ ಇಲ್ಲ, ಹೊರಗೆ ನಡೆಯಿರಿ ಎಂದೆ. ಟೂರೆ ಬಂದು ತಟ್ಟೆ ಎತ್ತಿಕೊಂಡ. ಬೆಳಕಿಗೆ ಹಿಡಿದು ನೋಡಿ, ಒಳಗೆ ತೊಳೆಯಲು ತೆಗೆದುಕೊಂಡು ಹೋದ. ಮೂವತ್ತೊಂದು ವರ್ಷದಲ್ಲಿ ಅದು ಖಾಲಿಯಾಗಿ ಒಳಗೆ ಹೋದದ್ದು ಅದೇ ಮೊದಲು.