ಮೂರನೇ ಮಹಡಿಯ ಬೀಗ

ಮೂರನೇ ಮಹಡಿಯಲ್ಲಿ ಅಂಗಿ ಹೊಲಿಯುವ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿದರು. ಬೀಗದ ಕೈಯನ್ನು ಮೊಳದುದ್ದದ ಮರದ ತುಂಡಿಗೆ ಕಟ್ಟಿ ಕೆಳಗೆ ಜನರಲ್ ಮ್ಯಾನೇಜರನ ಮೇಜಿನ ಮೇಲಿಟ್ಟರು. ಹೋಗಬೇಕಾದವಳು ಮೆಟ್ಟಿಲಿಳಿದು ಬಂದು, ಅವನನ್ನು ಕೇಳಿ, ಆ ತುಂಡನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಮತ್ತೆ ಹತ್ತಬೇಕು.

ಹಾಗೆ ಮಾಡೆಂದವರು ಕಾರ್ಖಾನೆಯ ಯಜಮಾನರು. ಬೀಗ ತಂದವನೂ ತನ್ನ ಕೈಯಾರೆ ಹಾಕಿದವನೂ ಜನರಲ್ ಮ್ಯಾನೇಜರ್. ಯಜಮಾನರು ಏನು ಹೇಳಿದರೂ ಅವನ ಬಾಯಿಂದ ಬರುತ್ತಿದ್ದುದು ಒಂದೇ ಮಾತು, ‘ಆಯ್ತು ಸರ್.’ ಹೊಲಿಗೆಯವರು ಬೆನ್ನ ಹಿಂದೆ ಅವನನ್ನು ಆಯ್ತಪ್ಪ ಎಂದೇ ಕರೆಯುತ್ತಿದ್ದರು.

ಆಯ್ತಪ್ಪನ ದಿನ ಹಾಸಿಗೆಯಲ್ಲೇ ಶುರುವಾಗುತ್ತದೆ, ಫೋನಿನಿಂದ. ಹಲ್ಲುಜ್ಜುವಾಗ ಯಜಮಾನರ ಧ್ವನಿ ಸೋಪಿನ ಡಬ್ಬಿಯ ಪಕ್ಕದಿಂದ ಕೇಳುತ್ತಿರುತ್ತದೆ. ಬಾಯಿ ತುಂಬ ನೊರೆ ಇದ್ದರೂ ಆಯ್ತು ಸರ್ ಅನ್ನುವುದನ್ನು ಅವನು ಕಲಿತಿದ್ದಾನೆ.

ಅವತ್ತು ಬಾಗಿಲಲ್ಲಿ ಹೆಂಡತಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು.

“ರೀ, ಮೊನ್ನೆ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂತು. ಕಲ್ಲು ಇರೋದು ಯಾರ ಹೊಟ್ಟೇಲಿ? ನನ್ನ ಹೊಟ್ಟೇಲಾ?”

“ಮೀಟಿಂಗ್ ಇತ್ತು ಕಣೇ.”

“ಮೀಟಿಂಗಲ್ಲಿ ಬಾಯಿ ಹೊಲಿದು ಕೂರಿಸ್ತಾರಾ?”

ಬಾಯಿ ಯಾರೂ ಹೊಲಿಯುವುದಿಲ್ಲ. ನೀರು ಕುಡಿದರೆ ಏಳಬೇಕಾಗುತ್ತದೆ, ಯಜಮಾನರ ಮೀಟಿಂಗಿನಲ್ಲಿ ಯಾರೂ ಏಳುವಂತಿಲ್ಲ. ಮೂತ್ರಪಿಂಡದಲ್ಲಿ ಕಲ್ಲಿದೆ, ಚೆನ್ನಾಗಿ ನೀರು ಕುಡೀರಿ, ಬಂದಾಗ ತಡೀಬೇಡಿ ಎಂದು ಡಾಕ್ಟರು ಹೇಳಿದ್ದರು. ಡಾಕ್ಟರಿಗೇನು, ಅವರಿಗೆ ಯಜಮಾನರಿಲ್ಲ. ಹೆಂಡತಿಯ ಬಾಯಿಗೆ ಹೆದರಿ ಆಯ್ತಪ್ಪ ಈಗೀಗ ಆ ನೀರನ್ನು ತನ್ನ ಕೋಣೆಯ ಮೂಲೆಯಲ್ಲಿದ್ದ ಹೂಕುಂಡಕ್ಕೆ ಸುರಿದು ಮನೆಗೆ ಬರುತ್ತಿದ್ದ; ಮೊನ್ನೆ ಅದೂ ಮರೆತುಹೋಗಿತ್ತು. ಇಡೀ ಕಾರ್ಖಾನೆಯಲ್ಲಿ ಹೊಟ್ಟೆ ತುಂಬ ನೀರು ಕುಡಿಯುತ್ತಿದ್ದ ಜೀವ ಆ ಗಿಡವೊಂದೇ.

ಕೋಣೆಗೆ ಗಾಜಿನ ಗೋಡೆ. ಮೇಲೆ ಕ್ಯಾಮೆರಾ. ಅವನು ಆಕಳಿಸಿದರೂ ಯಜಮಾನರಿಗೆ ಕಾಣುತ್ತದೆ. ಗಂಟೆಗೊಮ್ಮೆ ಎಷ್ಟು ಅಂಗಿ ಆಯಿತೆಂದು ಹೇಳಬೇಕು. ಕಡಿಮೆಯಾದರೆ ಬೈಗುಳ, ಹೆಚ್ಚಾದರೆ ನಾಳೆಗೆ ಇನ್ನೂ ಹೆಚ್ಚು. ಒಂದು ಕೈಯಲ್ಲಿ ಊಟ, ಇನ್ನೊಂದರಲ್ಲಿ ಫೋನು. ಮೇಲಿನವರ ಬೈಗುಳ ಅವನ ಮೂಲಕ ಹಾದು ಕೆಳಗಿನವರನ್ನು ತಲುಪಬೇಕು. ಸಂಬಳ ಕೊಟ್ಟು ಇಟ್ಟುಕೊಂಡ ಕೊಳವೆ ಅವನು. ಕೊಳವೆಗೆ ಒಳ್ಳೆಯ ಬೂಟು, ಟೈ.

ಅವತ್ತು ಬೆಳಿಗ್ಗೆ ಮೂರನೇ ಮಹಡಿಗೆ ಹೋಗಿದ್ದ. ಕುಡಿಯುವ ನೀರಿನ ಕ್ಯಾನಿನ ಮುಚ್ಚಳವನ್ನೇ ಯಾರೂ ತೆಗೆದಿರಲಿಲ್ಲ. ಪ್ರತಿ ಮೆಷಿನ್ನಿನ ಪಕ್ಕ ಒಂದೊಂದು ಬಾಟಲಿ, ಕತ್ತಿನವರೆಗೂ ತುಂಬಿ ನಿಂತಿತ್ತು. ತನ್ನದೇ ಬಾಟಲಿಗಳ ಸಾಲನ್ನು ಕಂಡವನಂತೆ ಅವನು ಬೇಗ ಕೆಳಗಿಳಿದು ಬಂದ.

ಮಧ್ಯಾಹ್ನ ಯಜಮಾನರ ಕೋಣೆಯಲ್ಲಿ ಮೀಟಿಂಗು. ನಡುವೆ ಯಜಮಾನರು ಎದ್ದು, ಗೋಡೆಯಲ್ಲಿದ್ದ ಬಾಗಿಲು ತೆಗೆದು ಒಳಗೆ ಹೋಗಿ, ಕೈ ಒರೆಸಿಕೊಳ್ಳುತ್ತ ಬಂದು ಕೂತರು. ಅದು ಅವರ ಸ್ವಂತ ಶೌಚಾಲಯ. ಆಯ್ತಪ್ಪ ಕಾಲ ಮೇಲೆ ಕಾಲು ಬಿಗಿದು ಕೂತಿದ್ದ. ಪಕ್ಕೆಯಲ್ಲಿ ಕಲ್ಲು ಮೆಲ್ಲಗೆ ಮಗ್ಗುಲು ಬದಲಿಸುತ್ತಿತ್ತು.

“ನೋಡಿದ್ಯಾ, ಬೀಗ ಹಾಕಿದ್ಮೇಲೆ ಅಂಗಿ ಎಷ್ಟು ಜಾಸ್ತಿ ಆಗಿದೆ,” ಅಂದರು ಯಜಮಾನರು. “ಈಗ ಕೀ ಕೇಳೋಕೆ ಒಬ್ಬಳೂ ಬರಲ್ಲ. ನಿಜವಾಗ್ಲೂ ಅರ್ಜೆಂಟ್ ಇದ್ದಿದ್ರೆ ಬರ್ತಿರಲಿಲ್ವಾ? ಎಲ್ಲಾ ಮೈಗಳ್ಳತನ. ಉಳಿದ ಮಹಡಿಗೂ ಹಾಕಿಸು.”

ತುಂಬಿದ ಬಾಟಲಿಗಳು ಅವನ ಕಣ್ಣ ಮುಂದೆ ಬಂದವು.

“ಆಯ್ತು ಸರ್,” ಅಂದ.

ಅಷ್ಟರಲ್ಲಿ ಫೋನು. ಮೂರನೇ ಮಹಡಿಯ ಸೂಪರ್‌ವೈಸರ್ ಏದುಸಿರು ಬಿಡುತ್ತ, ಯಜಮಾನರಿಗೂ ಕೇಳುವಂತೆ ಕೂಗುತ್ತಿದ್ದ. “ಸಾರ್, ಕಾಲರ್ ಅಕ್ಕ ನಿಮ್ಮ ರೂಮಿಗೆ ಬಂದು ಕೀ ತಗೊಂಡು ಹೋಗಿ ಬಾಗಿಲು ತೆಗೆದುಬಿಟ್ಟಿದ್ದಾಳೆ. ಕೇಳಿದ್ರೆ ಕೊಡ್ತಿಲ್ಲ. ಹೆಂಗಸರೆಲ್ಲ ಎದ್ದು ಹೋಗಿ ಸಾಲು ನಿಂತಿದ್ದಾರೆ. ಮೆಷಿನ್ ಒಂದೂ ಓಡ್ತಿಲ್ಲ!”

ಯಜಮಾನರು ಮೇಜು ಗುದ್ದಿದರು. “ಹೋಗು. ಬೀಗ ಹಾಕಿ ಕೀ ತಗೊಂಡು ಬಾ. ನಾಳೆಯಿಂದ ಅವಳಿಗೆ ಕೆಲಸ ಇಲ್ಲ. ನನಗೆ ಫೋನ್ ಮಾಡಿ ಸ್ಪೀಕರಲ್ಲೇ ಇಡು, ಕಟ್ ಮಾಡ್ಬೇಡ, ಬೀಗ ಹಾಕಿದ ಸದ್ದು ನಾನು ಕೇಳ್ಬೇಕು. ಆಗ್ಲಿಲ್ವಾ, ನೀನೂ ಅಲ್ಲಿಂದ್ಲೇ ಮನೆಗೆ ನಡಿ.”

“ಆಯ್ತು ಸರ್.”

ಪ್ರತಿ ಮೆಟ್ಟಿಲಿಗೂ ಪಕ್ಕೆ ಚುಚ್ಚುತ್ತಿತ್ತು. ಈ ಕುರ್ಚಿ ಹೋದರೆ ಈ ವಯಸ್ಸಿನಲ್ಲಿ ಇನ್ನೊಂದು ಕುರ್ಚಿ ಯಾರು ಕೊಡುತ್ತಾರೆ? ಹತ್ತುವಷ್ಟು ಹೊತ್ತೂ ಅವನ ತಲೆಯಲ್ಲಿ ಅದೊಂದೇ.

ಶೌಚಾಲಯದ ಮುಂದೆ ಹೆಂಗಸರ ಸಾಲು. ಬಾಗಿಲ ಬಳಿ, ಕಾಲರ್ ಹೊಲಿದು ಹೊಲಿದೇ ಕೂದಲು ನೆರೆತಿದ್ದ ಕಾಲರ್ ಅಕ್ಕ, ಮರದ ತುಂಡನ್ನು ಕೂಸಿನ ಹಾಗೆ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು.

“ಏನ್ ಸಾರ್, ನಿಮಗೂ ಅರ್ಜೆಂಟಾ? ಇದು ಲೇಡೀಸದು.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಯ್ತಪ್ಪನ ಕಿವಿ ಬಿಸಿಯಾಯಿತು. ನಿಜಕ್ಕೂ ಅರ್ಜೆಂಟಿತ್ತು.

“ಕೀ ಕೊಡಮ್ಮ.”

ಅವಳು ಕೊಟ್ಟುಬಿಟ್ಟಳು. ಕೊಟ್ಟಾಳೆಂದು ಅವನು ಎಣಿಸಿರಲಿಲ್ಲ.

“ಬೀಗ ಅಲ್ಲೇ ಚಿಲಕದಲ್ಲಿ ನೇತಾಡ್ತಿದೆ, ಹಾಕ್ಕೊಳ್ಳಿ. ಒಳಗೆ ಗುಂಡಿ ಹಚ್ಚೋ ಹುಡುಗಿ ಇದ್ದಾಳೆ, ತುಂಬಿದ ಬಸುರಿ. ನಿಮ್ಮ ಹತ್ರ ಬಂದು ಕೇಳೋಕೆ ನಾಚಿಕೆಯಾಗಿ ಬೆಳಿಗ್ಗೆಯಿಂದ ಹಲ್ಲು ಕಚ್ಚಿ ಕೂತಿದ್ಲು. ನೋಡೋಕಾಗ್ದೆ ನಾನೇ ಇಳಿದು ಹೋಗಿ ಕೀ ತಂದೆ. ಈಗ ಹಾಕಿ ಸಾರ್, ನಾನೇನೂ ಅಡ್ಡ ಬರಲ್ಲ.”

“ಅವಳನ್ನ ಹೊರಗೆ ಕರಿ.”

“ನೀವೇ ಕರೀರಿ. ಅಂಗಿ ಲೆಕ್ಕ ಕೇಳೋವಾಗ ಒಳ್ಳೆ ಗಂಟಲಿರುತ್ತಲ್ಲ ನಿಮಗೆ.”

ಕೈಯಲ್ಲಿದ್ದ ಫೋನು ಗದರಿತು. “ಏನಯ್ಯ, ಸದ್ದೇ ಇಲ್ಲ?”

“ಒಳಗೆ ಒಬ್ಬರಿದ್ದಾರೆ ಸರ್. ಬಸುರಿ.”

“ಇರ್ಲಿ ಬಿಡು. ಸಂಜೆವರೆಗೂ ಒಳಗೇ ಇದ್ರೆ ಎಲ್ಲರಿಗೂ ಬುದ್ಧಿ ಬರುತ್ತೆ. ಹಾಕು.”

ಮೆಷಿನ್ನುಗಳು ನಿಂತಿದ್ದವು, ಆ ಮಾತು ಸಾಲಿನ ಕೊನೆಯವರೆಗೂ ಕೇಳಿತು. ಬಾಗಿಲಿನ ಆಚೆ ನಲ್ಲಿಯ ನೀರು ತಟ್ಟನೆ ನಿಂತಿತು.

“ಅಕ್ಕಾ,” ಒಳಗಿನಿಂದ ಸಣ್ಣ ದನಿ ಬಂತು, “ಹಾಕ್ಬೇಡಿ ಅಂತ ಹೇಳಕ್ಕಾ. ಬಂದೆ, ಈಗ ಬಂದೆ.”

ಕಾಲರ್ ಅಕ್ಕ ಆಯ್ತಪ್ಪನ ಮುಖವನ್ನೇ ನೋಡುತ್ತ ನಿಂತಳು. ಅವನು ಬಾಗಿಲೆಳೆದು ಚಿಲಕಕ್ಕೆ ಕೈ ಹಚ್ಚಿದ. ಬೀಗ ಬಾಯಿ ತೆರೆದುಕೊಂಡೇ ಇತ್ತು, ಒಂದು ಸಲ ಒತ್ತಿದರೆ ಸಾಕು. ಇದೇ ಬೆರಳಿನಿಂದ ಮೊದಲ ದಿನ ಒತ್ತಿದ್ದ. ಆಗ ಒಳಗೆ ಯಾರೂ ಇಲ್ಲ ಎಂದುಕೊಂಡಿದ್ದ.

“ಹಾಕಿದ್ಯಾ?”

ಅವನು ಬೀಗವನ್ನು ಚಿಲಕದಿಂದ ಬಿಡಿಸಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಮರದ ತುಂಡನ್ನು ಕಾಲರ್ ಅಕ್ಕನ ಕೈಗಿಟ್ಟ.

“ಇಲ್ಲ.”

“ಇಲ್ಲ ಅಂದ್ರೆ?”

“ಹಾಕಲ್ಲ ಸರ್.”