ಆರನೇ ಹಾಳೆಯ ಸಿಲಿಂಡರ್

“ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನ ಕೈಗೆ ಮಕ್ಕಳ ಪುಸ್ತಕ ಕೊಟ್ರೆ ಹಿಂಗೇ ಆಗೋದು,” ಎಂದರು ಪ್ರಕಾಶಕ ಶಂಭುಲಿಂಗಪ್ಪ. “ಸಿಲಿಂಡರ್ ತೇಲುತ್ತಂತೆ! ಕಬ್ಬಿಣ! ಕೇಳಿದ್ರಾ ಮೇಡಂ?”

ಎಲ್ಲರೂ ನಕ್ಕರು. ಜಯನಗರದಲ್ಲಿ ಅವರ ಪುಸ್ತಕದ ಅಂಗಡಿಯ ಮೇಲಿನ ಕೋಣೆ ಅದು. ಕುರ್ಚಿಗಳಲ್ಲಿ ಅಪ್ಪ ಅಮ್ಮಂದಿರು, ಚಾಪೆಯ ಮೇಲೆ ಹದಿನೈದು ಮಕ್ಕಳು. ಕೊನೆಯ ಸಾಲಿನಲ್ಲಿ ನನ್ನ ತಂಗಿ ಬಿಂದುಶ್ರೀ. ಅವಳು ನಗಲಿಲ್ಲ. ನನ್ನ ಕೈ ಏನಾದರೂ ಮಾಡಿಬಿಡುತ್ತದೆ ಅಂದುಕೊಂಡೆ. ಮಾಡಲಿಲ್ಲ. ಬೇರೆ ಯಾರದೋ ಕೈಯ ಹಾಗೆ ನೇತಾಡುತ್ತಿತ್ತು.

ನಾನು ಕತ್ರಿಗುಪ್ಪೆಯಲ್ಲಿ ಅಂಗಡಿಗಳ ಶಟರ್ ಮೇಲೆ ಹೆಸರು ಬರೆಯುವವನು. ಅಂಗನವಾಡಿ ಗೋಡೆಯ ಮೇಲೆ ನಾನು ಬರೆದಿದ್ದ ಆನೆ ನೋಡಿ, ಮಕ್ಕಳ ಕತೆ ಬರೆಯುವ ಶ್ರೀದೇವಿ ಮೇಡಂ ಕರೆದಿದ್ದರು. ಅವರದೊಂದು ಕತೆ. ಪುಟ್ಟಿ ಎಂಬ ಹುಡುಗಿಗೆ ಮಳೆ ಗುಡುಗು ಎಂದರೆ ಭಯ, ಕೊನೆಗೆ ಭಯ ಹೋಗುತ್ತದೆ. ಹನ್ನೆರಡು ಚಿತ್ರ ಬೇಕಿತ್ತು. ಅಚ್ಚಿಗೆ ಕೊಡುವ ಮೊದಲು ಮಕ್ಕಳಿಗೆ ಓದಿ ತೋರಿಸೋಣ ಅಂತ ಈ ಶನಿವಾರ ಎಲ್ಲರನ್ನೂ ಸೇರಿಸಿದ್ದರು. ನನ್ನ ಹಾಳೆಗಳನ್ನು ದಾರಕ್ಕೆ ಕ್ಲಿಪ್ ಹಾಕಿ, ಬಟ್ಟೆ ಒಣಹಾಕಿದಂತೆ ನೇತುಹಾಕಿದ್ದರು.

ತಕರಾರು ಆರನೇ ಹಾಳೆಯದು. ಅಲ್ಲಿ ಮೇಡಂ ಬರೆದಿದ್ದು ಇಷ್ಟೇ: ‘ಹೊರಗೆ ಜೋರು ಮಳೆ. ಪುಟ್ಟಿ ಮಂಚ ಹತ್ತಿ ಕೂತಳು. ಹತ್ತಿರ ಇದ್ದದ್ದನ್ನು ಗಟ್ಟಿಯಾಗಿ ತಬ್ಬಿಕೊಂಡಳು.’ ಏನು ಇತ್ತು ಹತ್ತಿರ ಅಂತ ಬರೆದಿರಲಿಲ್ಲ. ನಾನು ಕೇಳಲೂ ಇಲ್ಲ, ಯೋಚಿಸಲೂ ಇಲ್ಲ. ಗ್ಯಾಸ್ ಸಿಲಿಂಡರ್ ಬರೆದೆ.

ಹೋದ ಮೇ ತಿಂಗಳ ಮಾತು. ಪುಟ್ಟೇನಹಳ್ಳಿಯ ತಗ್ಗಿನಲ್ಲಿ ನಮ್ಮದು ಒಂದೇ ರೂಮಿನ ಮನೆ. ಮಧ್ಯಾಹ್ನ ಮೂರಕ್ಕೆ ಮಳೆ ಶುರುವಾಯಿತು, ನಾಲ್ಕಕ್ಕೆ ರಾಜಕಾಲುವೆ ಮನೆಯೊಳಗಿತ್ತು. ಅಮ್ಮ ಗಾರ್ಮೆಂಟ್ಸ್‌ನಲ್ಲಿ. ನಾನು ಮೇನ್ ಸ್ವಿಚ್ ಆರಿಸಿದೆ. ಅಕ್ಕಿ ಚೀಲ ಅಟ್ಟಕ್ಕೆ ಹಾಕಿದೆ. ಅಷ್ಟರಲ್ಲಿ ಸಿಲಿಂಡರ್ ಅಡ್ಡ ಬಿದ್ದು ತೇಲಿಕೊಂಡು ಒಲೆಯ ಪೈಪನ್ನು ಜಗ್ಗುತ್ತಿತ್ತು. ರೆಗ್ಯುಲೇಟರ್ ಕಿತ್ತು, ಎತ್ತಿ ಮಂಚದ ಮೇಲಿಟ್ಟು, “ಬಿಂದು, ಇದನ್ನ ಗಟ್ಟಿಯಾಗಿ ಹಿಡ್ಕೋ, ಬಿಡಬೇಡ,” ಎಂದು ಪಕ್ಕದ ಮನೆಗೆ ಓಡಿದೆ. ಅಲ್ಲಿ ಬೈರಮ್ಮಜ್ಜಿ ಎದ್ದು ಓಡಾಡುವವರಲ್ಲ. ಅವರನ್ನು ಹೊತ್ತು ಮೇಲಿನ ರಸ್ತೆ ಮುಟ್ಟಿಸಿ ವಾಪಸ್ ಬರುವುದಕ್ಕೆ ಒಂದೂವರೆ ಗಂಟೆ ಆಯಿತು. ಬಂದು ನೋಡಿದರೆ ಮಂಚಕ್ಕೂ ನೀರಿಗೂ ಒಂದು ಗೇಣು. ಬಿಂದು ಹಿಡಿದುಕೊಂಡೇ ಇದ್ದಳು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಆಗ ಅವಳಿಗೆ ಆರು. ಅಲ್ಲಿಂದಾಚೆ ಮೋಡ ಕವಿದರೆ ಮಾತು ನಿಲ್ಲಿಸುತ್ತಾಳೆ. ಸ್ಕೂಲಿನಲ್ಲಿ ಬೆಂಚು ಹತ್ತಿ ನಿಂತುಬಿಡುತ್ತಾಳೆ, ಮಿಸ್ ಬೈಯುತ್ತಾರೆ, ಯಾಕೆ ಅಂದರೆ ಹೇಳುವುದಿಲ್ಲ. ನಮ್ಮ ಹತ್ತಿರವೂ ಹೇಳಿದ್ದಿಲ್ಲ. ಆರನೇ ಹಾಳೆಗೆ ಬಣ್ಣ ಹಾಕುವಾಗ ಬಂದು ಪಕ್ಕದಲ್ಲಿ ಕೂತಳು.

“ಇದು ನಾನಾ?”

“ಹೂಂ.”

“ಪುಸ್ತಕದಲ್ಲಿ ಬರುತ್ತಾ?”

“ಬರುತ್ತೆ.”

“ಹಂಗಾದ್ರೆ ಮಿಸ್‌ಗೆ ತೋರಿಸ್ತೀನಿ. ಯಾಕ್ ಬೆಂಚ್ ಹತ್ತೀನಿ ಅಂತ ಅವ್ರಿಗೇ ಗೊತ್ತಾಗುತ್ತೆ.”

ಬರುತ್ತೆ ಅಂತ ನಾನೇ ಹೇಳಿದ್ದೆ. ಅದಕ್ಕೇ ಈವತ್ತು ಕರೆದುಕೊಂಡು ಬಂದಿದ್ದು.

“ತುಂಬಿದ್ರೂ ತೇಲುತ್ತೆ ಸಾರ್,” ಎಂದೆ ಇನ್ನೊಮ್ಮೆ. “ನೀರು ನುಗ್ಗಿದ್ರೆ ಎಲ್ರೂ ಮಂಚದ ಮೇಲೇ ಇಡೋದು.”

“ಮೂವತ್ತು ಕೇಜಿ ಗುರು ಅದು,” ಎಂದರು ಹಿಂದಿನ ಕುರ್ಚಿಯ ಒಬ್ಬ ಅಪ್ಪ. “ನಾನು ಇಂಜಿನಿಯರ್.” ಮತ್ತೆ ನಗು.

ಶ್ರೀದೇವಿ ಮೇಡಂ ಕೈ ಎತ್ತಿ ಸುಮ್ಮನಾಗಿಸಿದರು. ಅವರು ಜೋರು ಮಾತಾಡುವವರಲ್ಲ. “ವಿಷ್ಣು, ತೇಲುತ್ತೋ ಮುಳುಗುತ್ತೋ, ಅದಲ್ಲ ವಿಷಯ. ಇದು ಭಯ ಕಳೆಯೋ ಪುಸ್ತಕ ಕಣಪ್ಪ, ಭಯ ಕೊಡೋದಲ್ಲ. ಒಂದು ಟೆಡ್ಡಿ ಬರೆದ್ಬಿಡು.” ಆಮೇಲೆ ಮಕ್ಕಳ ಕಡೆ ತಿರುಗಿ, “ಹೇಳಿ ಪುಟಾಣಿಗಳೇ, ಭಯ ಆದಾಗ ನೀವು ಯಾರನ್ನ ತಬ್ಕೋತೀರಾ?” ಎಂದರು.

“ಟೆಡ್ಡಿ!” “ಅಮ್ಮ!” “ನಮ್ಮನೆ ನಾಯಿ, ಆದ್ರೆ ಅದು ನನಗಿಂತ ಪುಕ್ಕಲು!”

ಬಿಂದು ಎದ್ದು ನಿಂತಳು. “ಸಿಲಿಂಡರ್.”

ಕೋಣೆ ಪೂರ್ತಿ ನಕ್ಕಿತು. ಅವಳು ಕೂರಲಿಲ್ಲ. ನಗು ಮುಗಿಯುವವರೆಗೆ ಕಾದು, ಎದುರಿನ ಗೋಡೆ ನೋಡುತ್ತಾ ಹೇಳಿದಳು: “ಅಣ್ಣ ಬಿಡಬೇಡ ಅಂದಿದ್ದ. ಬಿಟ್ರೆ ತೇಲ್ಕೊಂಡ್ ಹೋಗುತ್ತೆ. ಕೆಳಗಡೆ ನೀರಿತ್ತು. ಯಾರೂ ಇರ್ಲಿಲ್ಲ.”

ಆ ದಿನದ ಬಗ್ಗೆ ಮೊದಲ ಸಲ ಬಾಯಿ ಬಿಟ್ಟಿದ್ದಳು. ಯಾರಾದರೂ ಆಮೇಲೇನಾಯ್ತು ಮಗು ಅಂತ ಕೇಳುತ್ತಾರೇನೋ ಎಂದು ನಾನು ಒಂದೊಂದೇ ಮುಖ ನೋಡಿದೆ.

“ಅಬ್ಬಾ! ಚೆನ್ನಾಗಿ ಹೇಳ್ಕೊಟ್ಟು ಕರ್ಕೊಂಡ್ ಬಂದಿದ್ದಾನೆ ಕಣ್ರೀ,” ಎಂದರು ಶಂಭುಲಿಂಗಪ್ಪ.

ಬಿಂದು ಕೂತುಬಿಟ್ಟಳು. ಚಾಪೆಯ ಎಳೆ ಕೀಳತೊಡಗಿದಳು. ನನ್ನೊಳಗೆ ಏನೋ ಸಿಡಿಯಬೇಕಿತ್ತು. ಇಡೀ ಮೈ ಸುಣ್ಣದ ಗೋಡೆಯಂತೆ ತಣ್ಣಗಿತ್ತು.

“ಸೋಮವಾರ ಪ್ರೆಸ್ಸಿಗೆ ಹೋಗ್ಬೇಕು. ಟೆಡ್ಡಿ ನೀನು ಬರೀತೀಯೋ, ಬೇರೆಯವರ ಕೈಲಿ ಬರೆಸ್ಲೋ? ಬೇಗ ಹೇಳಯ್ಯಾ,” ಎಂದರು ಶಂಭುಲಿಂಗಪ್ಪ.

ನಾನು ದಾರದ ಹತ್ತಿರ ಹೋಗಿ ಆರನೇ ಹಾಳೆಯ ಕ್ಲಿಪ್ ತೆಗೆದೆ. ಮಿಕ್ಕ ಹನ್ನೊಂದನ್ನು ಮುಟ್ಟಲಿಲ್ಲ. “ಬಾ ಬಿಂದು.”

ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಅವಳದೊಂದು ಸಿಕ್ಕಿತು, ಇನ್ನೊಂದು ಯಾರದೋ ಶೂ ಕೆಳಗಿತ್ತು. ಬಗ್ಗಿ ತೆಗೆದು ಹಾಕಿದೆ.

“ಸೋಮವಾರ ಸ್ಕೂಲಿಗೆ ಇದನ್ನೇ ತಗೊಂಡ್ ಹೋಗ್ಲಾ ಅಣ್ಣ? ಪುಸ್ತಕ ಬೇಡ?”

“ಇದನ್ನೇ ತಗೊಂಡ್ ಹೋಗು. ಮಿಸ್ ಹತ್ರ ನಾನೂ ಬರ್ತೀನಿ.”

ಅರ್ಧ ಮೆಟ್ಟಿಲು ಇಳಿದಿದ್ದೆವು. ಮೇಲೆ ಶ್ರೀದೇವಿ ಮೇಡಂ ಬಂದು ಕಂಬಿ ಹಿಡಿದು ನಿಂತರು.

“ವಿಷ್ಣು… ಮಗೂಗೆ ನಿಜವಾಗ್ಲೂ ಹಂಗಾಗಿತ್ತಾ?”

ಬಿಂದು ತಲೆ ಎತ್ತಿ ನೋಡಿದಳು. ನಾನು ಅವಳ ಕೈ ಹಿಡಿದುಕೊಂಡು ಉಳಿದ ಮೆಟ್ಟಿಲು ಇಳಿದೆ.